ಹುಣಸೆಮರದ ಕೆಳಗೆ ನಿಂತ ಕಾರು

"ಉಗೀರಿ ಸಾರ್, ಉಗೀರಿ! ಪೆಟ್ರೋಲ್ ಹೊಟ್ಟೆಗೆ ಹೋದಾತು!"

ಸಬ್ ಇನ್ಸ್‌ಪೆಕ್ಟರ್ ರಂಗಯ್ಯ ಕೂಗಿಕೊಂಡ. ಯೋಗನರಸಿಂಹ ಉಗಿಯಲಿಲ್ಲ. ಅಂಬಾಸಿಡರ್ ಕಾರಿನ ಬಾನೆಟ್ಟಿನೊಳಗೆ ಸೊಂಟದವರೆಗೂ ಬಗ್ಗಿ, ಒಂದು ತೆಳ್ಳನೆಯ ಕೊಳವೆಯ ತುದಿಯನ್ನು ತುಟಿಗಳ ನಡುವೆ ಕಚ್ಚಿಕೊಂಡು ಬಲವಾಗಿ ಎಳೆದ.

ಅಲ್ಲಿಯವರೆಗೆ ಹದವಾಗಿ ಓಡುತ್ತಿದ್ದ ಇಂಜಿನ್ ಒಮ್ಮೆ ನಡುಗಿತು. ನಿಂತುಹೋಯಿತು.

ಆಮೇಲೆ ಉಗಿದ. ಗುಬ್ಬಿ ಠಾಣೆಯ ಹಿಂದಿನ ಅಂಗಳದಲ್ಲಿ ಉಗಿಯಲು ಜಾಗ ಹುಡುಕಬೇಕಾಗಿರಲಿಲ್ಲ. ಗೋಡೆಯ ಉದ್ದಕ್ಕೂ ಎಲೆಅಡಿಕೆ ರಸ ಹರಿದು ಒಣಗಿತ್ತು. ಮೂಲೆಯ ಕಕ್ಕಸಿನಿಂದ ಬರುತ್ತಿದ್ದ ನಾತ ಪೆಟ್ರೋಲಿನ ರುಚಿಗಿಂತ ಹೆಚ್ಚಾಗಿ ಅವನ ಗಂಟಲಿಗೆ ಅಂಟಿಕೊಂಡಿತ್ತು.

"ಕೆಟ್ಟಿದ್ದು ಸಿಕ್ತು," ಎಂದ.

ಮೋಟಾರು ಅಪಘಾತಗಳ ಸುಳ್ಳು ಹಿಡಿಯುವುದರಲ್ಲಿ ಯೋಗನರಸಿಂಹನದು ತುಮಕೂರಿನಲ್ಲಿ ದೊಡ್ಡ ಹೆಸರು. ವಿಮಾ ಸರ್ವೇಯರ್ ಕೆಲಸ. ಬಟವಾಡಿಯಲ್ಲಿ ಬಾಡಿಗೆ ಮನೆ. ಅವನನ್ನು ಈ ಅಂಗಳಕ್ಕೆ ಎಳೆದು ತಂದ ಸಂಗತಿ ಇಷ್ಟು: ಗುಬ್ಬಿಯ ಕೊಬ್ಬರಿ ಮಂಡಿ ಚನ್ನವೀರಯ್ಯನವರನ್ನು ಎದೆನೋವೆಂದು ಇದೇ ಕಾರಿನಲ್ಲಿ ತುಮಕೂರಿಗೆ ಕರೆದೊಯ್ಯುವಾಗ ಹೆಗ್ಗೆರೆ ಹತ್ತಿರ ಕಾರು ನಿಂತಿತು, ಆಸ್ಪತ್ರೆ ಸೇರುವ ಮೊದಲೇ ಅವರ ಪ್ರಾಣ ಹೋಯಿತು, ಕಾರನ್ನು ಬೇಕೆಂದೇ ಕೆಡಿಸಿದನೆಂದು ಡ್ರೈವರ್ ದಾಸಯ್ಯ ಲಾಕಪ್ಪಿನಲ್ಲಿದ್ದ.

"ಬಾಯಲ್ಲಿ ಎಳೆದ್ರೆ ಇಂಜಿನ್ ಯಾಕ್ ಸಾರ್ ನಿಲ್ಬೇಕು?" ರಂಗಯ್ಯನ ಕೈಯಲ್ಲಿ ಪೇಪರಿನ ಪೊಟ್ಟಣ. ಅದರಲ್ಲಿ ವಡೆ. ಎಣ್ಣೆ ಪೇಪರಿನ ಆಚೆ ಬಂದು ಅವನ ಮಣಿಕಟ್ಟಿನವರೆಗೂ ಇಳಿದಿತ್ತು.

"ಇಲ್ಲಿ ನೋಡಿ. ಇದು ಡಿಸ್ಟ್ರಿಬ್ಯೂಟರ್. ಇಂಜಿನ್ ಎಷ್ಟು ತಿರುಗಿದೆ ಅಂತ ನೋಡ್ಕೊಂಡು, ಸರಿಯಾದ ಹೊತ್ತಿಗೆ ಕಿಡಿ ಹಂಚೋದು ಇದರ ಕೆಲಸ. ಒಳಗೊಂದು ತಟ್ಟೆ ಇದೆ. ಕಾರು ರಸ್ತೇಲಿ ವೇಗ ತಗೊಂಡಾಗ ಇಂಜಿನ್ನೇ ಈ ಕೊಳವೆಯಿಂದ ಗಾಳಿ ಎಳ್ಕೊಳ್ಳುತ್ತೆ. ಆಗ ಆ ತಟ್ಟೆ ಒಂದಿಷ್ಟು ತಿರುಗುತ್ತೆ. ರಸ್ತೇಲಿ ಇಂಜಿನ್ ಮಾಡೋ ಕೆಲಸಾನ ನಾನಿಲ್ಲಿ ಬಾಯಲ್ಲಿ ಮಾಡಿದೆ. ತಟ್ಟೆ ತಿರುಗಿದ ಕೂಡ್ಲೇ ಕಿಡಿ ಸತ್ತೋಯ್ತು."

"ಅದಕ್ಕೇ ನಮ್ಮ ಮೆಕ್ಯಾನಿಕ್ಕು ನೋಡ್ದಾಗ ಏನೂ ಸಿಗ್ಲಿಲ್ಲ!"

"ಅವನು ನಿಲ್ಲಿಸಿದ ಕಡೇಲೇ ಓಡಿಸಿ ನೋಡ್ದ. ನಿಂತ ಕಡೆ ತಟ್ಟೆ ಅಲುಗಾಡಲ್ಲ."

ಯೋಗನರಸಿಂಹ ಡಿಸ್ಟ್ರಿಬ್ಯೂಟರಿನ ಕಂದು ಮುಚ್ಚಳ ತೆಗೆದ. ತಟ್ಟೆಗೆ ಕರೆಂಟು ತರುವ ಗೇಣುದ್ದವೂ ಇಲ್ಲದ ತಂತಿಯೊಂದು ಅಲ್ಲಿತ್ತು. ನೋಡಲು ಸರಿಯಾಗಿಯೇ ಇತ್ತು. ಚಿಮುಟದಿಂದ ಅದರ ಬಟ್ಟೆ ಹೊದಿಕೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. ಒಳಗೆ ತಂತಿ ಎರಡು ತುಂಡಾಗಿತ್ತು. ಹೊದಿಕೆಯೊಳಗೆ ತುದಿಗೆ ತುದಿ ತಾಗಿಕೊಂಡಿದ್ದರಿಂದಲೇ ಇಂಜಿನ್ ಓಡುತ್ತಿತ್ತು. ತಟ್ಟೆ ತಿರುಗಿದಾಗ ತುದಿಗಳು ಬಿಟ್ಟುಕೊಳ್ಳುತ್ತಿದ್ದವು.

ಅವನು ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಹಿಡಿದ.

ಹಳೆಯದಾಗಿ, ಬಳಲಿ ಕಡಿದ ತಂತಿಯ ಎಳೆಗಳು ಒಂದೊಂದೂ ಒಂದೊಂದು ಉದ್ದಕ್ಕೆ ಹರಿದಿರುತ್ತವೆ. ಇಲ್ಲಿ ಎಲ್ಲ ಎಳೆಗಳೂ ಒಂದೇ ಮಟ್ಟಕ್ಕೆ ನಿಂತಿದ್ದವು. ಬ್ಲೇಡಿನ ಏಟು. ಆಮೇಲೆ ಯಾರೋ ಜೋಪಾನವಾಗಿ ಹೊದಿಕೆಯನ್ನು ಮುಂದಕ್ಕೆ ಎಳೆದು ಗಾಯ ಮುಚ್ಚಿದ್ದರು.

"ಕೊಯ್ದಿದಾರೆ," ಎಂದ.

ರಂಗಯ್ಯ ತೊಡೆ ತಟ್ಟಿಕೊಂಡ. "ನಾನ್ ಹೇಳ್ಲಿಲ್ವಾ ಸಾರ್! ಧಣಿ ಕೆನ್ನೆಗೆ ಬಾರಿಸಿದ್ರು, ಇವನು ತಂತಿ ಕೊಯ್ದು ಊರಿಗೋದ. ಮುಗೀತು ಕೇಸು. ನಾಳೆ ಕೋರ್ಟಿಗೆ ಹಾಕ್ಬುಡ್ತೀನಿ. ವಡೆ ತಗಳಿ ಸಾರ್."

ಯೋಗನರಸಿಂಹ ಮತ್ತೆ ಬಗ್ಗಿದ. ಭೂತಗನ್ನಡಿಯ ಕೆಳಗೆ ತಾಮ್ರದ ತುದಿಗಳು ಆಗತಾನೇ ಹುಣಸೆಹಣ್ಣು ಹಾಕಿ ಉಜ್ಜಿದ ಚೊಂಬಿನಂತೆ ಹೊಳೆಯುತ್ತಿದ್ದವು.

ಅಷ್ಟೊಂದು ಹೊಳಪು ಅವನಿಗೆ ಸರಿಯೆನಿಸಲಿಲ್ಲ.

"ಹೊದಿಕೆ ಹೇಗಿತ್ತೋ ಹಾಗೇ ಎಳೀತೀನಿ. ಹತ್ತಿ. ಕಾರು ಓಡಿಸೋಣ."

"ಕೆಟ್ಟಿರೋ ಕಾರನ್ನೇ?"

"ಕೆಟ್ಟಿರೋ ಕಾರನ್ನೇ."

ಡ್ರೈವರ್ ಸೀಟಿನಲ್ಲಿ ಕೂರುತ್ತಲೇ ಅವನ ಮಂಡಿ ಸ್ಟಿಯರಿಂಗಿಗೆ ಬಡಿಯಿತು. ಸೀಟು ಮುಂದಕ್ಕೆ, ಬಹಳ ಮುಂದಕ್ಕೆ ಇತ್ತು.

"ಈ ಸೀಟು ಯಾರಾದ್ರೂ ಸರಿಸಿದ್ರಾ?"

"ಯಾರೂ ಕೂತೇ ಇಲ್ಲ ಸಾರ್. ಮೆಕ್ಯಾನಿಕ್ಕೂ ನಿಮ್ಮಂಗೇ ಹೊರಗೆ ನಿಂತೇ ಸ್ಟಾರ್ಟ್ ಮಾಡಿದ್ದು. ಮಂಡಿ ಶೆಡ್ಡಿಂದ ತಳ್ಕೊಂಡು ಬಂದೋ. ಒಬ್ಬ ಪಿ.ಸಿ. ಕಿಟಕೀಲಿ ಕೈ ಹಾಕಿ ಸ್ಟಿಯರಿಂಗ್ ತಿರುಗಿಸ್ದ. ನಿಮ್ಮ ಹುಕುಂ ಬರೋಗಂಟ ಬಾಗಿಲು ಮುಟ್ಟಬೇಡ್ರೋ ಅಂತ ನಾನೇ ಹೇಳಿದ್ದೆ."

ಯೋಗನರಸಿಂಹ ಸೀಟಿನ ಕೆಳಗಿನ ಕಂಬಿಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಆಮೇಲೆ ಸೀಟನ್ನು ಹಿಂದಕ್ಕೆ ಸರಿಸಿದ. ಆ ಗೆರೆ ಯಾಕೆಂದು ರಂಗಯ್ಯ ಕೇಳಲಿಲ್ಲ. ಇವನೂ ಹೇಳಲಿಲ್ಲ.

ಪೇಟೆ ದಾಟುವವರೆಗೆ ಕಾರು ಸಾಧುವಾಗಿತ್ತು. ತುಮಕೂರು ರಸ್ತೆಗೆ ಬಿದ್ದು ಟಾಪ್ ಗೇರಿಗೆ ಹಾಕಿದ್ದೇ ತಡ, ಬಿಕ್ಕಳಿಕೆ ಶುರುವಾಯಿತು. ಇಂಜಿನ್ ಸಾಯುವುದು, ಕಾರು ಮುಗ್ಗರಿಸುವುದು, ವೇಗ ತಗ್ಗಿದ ಕೂಡಲೇ ಇಂಜಿನ್ ಮತ್ತೆ ಜೀವ ಹಿಡಿದು ಮುಂದಕ್ಕೆ ಹಾರುವುದು. ಮತ್ತೆ ಸಾಯುವುದು. ಹಿಂದೆ ಬರುತ್ತಿದ್ದ ಬಸ್ಸಿನವನು ಹಾರ್ನ್ ಒತ್ತಿ ಒತ್ತಿ, ಕೊನೆಗೆ ಕಿಟಕಿಯಿಂದ ತಲೆ ಹಾಕಿ ಬೈದುಕೊಂಡೇ ಮುಂದೆ ಹೋದ.

ಮಲ್ಲಸಂದ್ರ ಇನ್ನೂ ಬಂದಿರಲಿಲ್ಲ. ರಂಗಯ್ಯ ಬಾಯಿಗೆ ಕರವಸ್ತ್ರ ಹಿಡಿದು, "ನಿಲ್ಸಿ ಸಾರ್," ಎಂದ. ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದು, ತಿಂದ ವಡೆಯನ್ನೆಲ್ಲ ರಸ್ತೆಯ ಪಕ್ಕದ ಕಳ್ಳಿಬೇಲಿಗೆ ಒಪ್ಪಿಸಿದ.

ಯೋಗನರಸಿಂಹ ಮುಖ ತಿರುಗಿಸಿಕೊಂಡು ಕಾದ.

"ಈಗ ಹೇಳಿ ರಂಗಯ್ಯ," ಎಂದ, ಅವನು ಬಾಯಿ ಒರೆಸಿಕೊಂಡು ಬಂದಮೇಲೆ. "ಚನ್ನವೀರಯ್ಯನವರ ತಮ್ಮ ಮಹಾಲಿಂಗಯ್ಯ ನಿಮಗೆ ಏನಂತ ಹೇಳಿಕೆ ಕೊಟ್ಟಿದಾರೆ?"

"ಕಾರು ಅವ್ರೇ ಓಡಿಸ್ತಿದ್ರಂತೆ. ಅಣ್ಣ ಹಿಂದಿನ ಸೀಟಲ್ಲಿ ಮಲಗಿದ್ರಂತೆ. ಹೆಗ್ಗೆರೆ ಹುಣಸೆಮರದತ್ರ ಒಂದೇ ಸಲ ನಿಂತಿದ್ದು. ಮುಕ್ಕಾಲು ಗಂಟೆ ಏನ್ ಮಾಡಿದ್ರೂ ಸ್ಟಾರ್ಟ್ ಆಗ್ಲಿಲ್ಲ. ಆಮೇಲೆ ತಾನಾಗೇ ಆಯ್ತು, ಸೀದಾ ಆಸ್ಪತ್ರೆಗೋದೋ ಅಂದ್ರು. ಬಸ್ಸಿನೋರು ಬೇರೆ ನೋಡವ್ರೆ, ಮರದಡಿ ನಿಂತಿತ್ತು ಅಂತ."

"ಗುಬ್ಬಿಯಿಂದ ಹೆಗ್ಗೆರೆ ತನಕ ಬಿಕ್ಕಳಿಕೆ?"

"ಅದೇನೂ ಹೇಳ್ಲಿಲ್ಲ."

"ಈ ತಂತಿ ಕೊಯ್ದ ಕಾರು ಒಂದೇ ಕಡೆ ಮುಕ್ಕಾಲು ಗಂಟೆ ನಿಲ್ಲಲ್ಲ. ನಿಂತ ಕೂಡ್ಲೇ ಇದು ಸ್ಟಾರ್ಟ್ ಆಗುತ್ತೆ, ನೀವೇ ನೋಡಿದ್ರಿ. ಸ್ಟಾರ್ಟ್ ಆದಮೇಲೆ ಸೀದಾನೂ ಹೋಗಲ್ಲ. ದಾರಿ ಉದ್ದಕ್ಕೂ ಹೀಗೇ ಕುಣಿಸುತ್ತೆ."

ರಂಗಯ್ಯ ಪಿಳಿಪಿಳಿ ಕಣ್ಣು ಬಿಟ್ಟ.

ಯೋಗನರಸಿಂಹ ಇಳಿದು ಬಾನೆಟ್ ಎತ್ತಿದ. ಹೊದಿಕೆ ಸರಿಸಿ ತಂತಿಯ ತುದಿಗಳನ್ನು ಅವನ ಮುಖದ ಮುಂದೆ ಹಿಡಿದ. ಬೆಳಿಗ್ಗೆ ಹೊಳೆಯುತ್ತಿದ್ದ ತಾಮ್ರ ಈಗ ಕಾಡಿಗೆ ಹಚ್ಚಿದಂತಾಗಿತ್ತು.

"ಬಿಟ್ಟು ಬಿಟ್ಟು ತಾಗೋವಾಗ ಹಾರಿದ ಕಿಡಿ ಸುಟ್ಟಿದ್ದು ಇದು. ಒಂದೇ ಸವಾರಿಗೆ ಇಷ್ಟು ಕಪ್ಪು. ಅವತ್ತು ಈ ಕಾರು ಇದೇ ರೋಗದಿಂದ ನರಳಿದ್ರೆ ಬೆಳಿಗ್ಗೆ ನಾನು ನೋಡೋವಾಗ್ಲೇ ಕಪ್ಪಾಗಿರಬೇಕಿತ್ತು. ಹೊಳೀತಿತ್ತು. ಅಂದ್ರೆ ಈ ಗಾಯ ಆದಮೇಲೆ ಕಾರು ಒಂದು ಮಾರೂ ಓಡಿಲ್ಲ."

"ಅಂದ್ರೆ..."

"ಚನ್ನವೀರಯ್ಯ ಸತ್ತಮೇಲೆ ಕೊಯ್ದಿರೋದು. ಕಾರು ಶೆಡ್ಡಲ್ಲಿ ಇದ್ದಾಗ."

ರಂಗಯ್ಯ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಬೇರೆ ಇನ್ನೇನೋ ಕೆಟ್ಟು ನಿಂತಿರಬೌದಲ್ವಾ ಸಾರ್?"

ಅದು ನ್ಯಾಯವಾದ ಪ್ರಶ್ನೆ. ಕಿಡಿಗೆ ಕರೆಂಟು ಕೊಡುವ ಕಾಯಿಲ್ ಬಿಸಿಯೇರಿದಾಗ ಸಾಯುವುದುಂಟು. ತಣ್ಣಗಾದಮೇಲೆ ಏನೂ ಆಗದಂತೆ ನಡೆಯುವ ಕಂಡೆನ್ಸರ್ ಉಂಟು. ಯೋಗನರಸಿಂಹ ತನ್ನ ಚೀಲದಿಂದ ಬೇರೆ ತಂತಿ ತೆಗೆದು ಹಾಕಿದ. ಅಲ್ಲೇ ಬಿಸಿಲಿನಲ್ಲಿ, ಬಾನೆಟ್ಟಿನ ಮೇಲೆ ಕೈಯಿಡಲಾಗದಷ್ಟು ಇಂಜಿನ್ ಕಾಯುವವರೆಗೆ ಓಡಿಸಿದ. ಪ್ಲಗ್ಗಿನ ವೈರು ಬಿಚ್ಚಿ ಕಿಡಿ ನೋಡಿದ. ನೀಲಿಯಾಗಿ, ಚಟಚಟನೆ ಬಂತು. ಆಮೇಲೆ ಹೆಗ್ಗೆರೆಯವರೆಗೂ ಹೋಗಿ ತಿರುಗಿಕೊಂಡು ಬಂದರು. ಕಾರು ಒಮ್ಮೆಯೂ ಕೆಮ್ಮಲಿಲ್ಲ.

ಹೋಗುವಾಗ ಎಡಕ್ಕೆ, ರಸ್ತೆಯ ಮೇಲೆ ಕೊಂಬೆ ಚಾಚಿದ ದೊಡ್ಡ ಹುಣಸೆಮರ ಕಂಡಿತು. ಅದರಾಚೆ ಹೊಲ, ಪಂಪ್‌ಸೆಟ್ಟಿನ ಮನೆ. ದೂರದಲ್ಲಿ ತುಮಕೂರಿನ ಮನೆಗಳ ಸಾಲು. ಆಸ್ಪತ್ರೆ ಅಷ್ಟು ಹತ್ತಿರದಲ್ಲಿತ್ತು.

ಕಾರು ಕೆಟ್ಟಿರಲಿಲ್ಲ. ನಿಲ್ಲಿಸಿದ್ದರು. ಎದೆ ಹಿಡಿದುಕೊಂಡ ಮನುಷ್ಯನನ್ನು ಹಿಂದೆ ಮಲಗಿಸಿಕೊಂಡು, ನೆರಳು ನೋಡಿ ನಿಲ್ಲಿಸಿ, ಕಾದು ಕೂತಿದ್ದರು.

ಈಗ ಕಳ್ಳಿಬೇಲಿಯ ಕಡೆ ಹೋಗಬೇಕೆನಿಸಿದ್ದು ಯೋಗನರಸಿಂಹನಿಗೆ.

*

ಲಾಕಪ್ಪಿನಲ್ಲಿ ದಾಸಯ್ಯ ಗೋಡೆಗೊರಗಿ ಕೂತಿದ್ದ. ಕಾಲು ಚಾಚಿದ್ದ. ಪಾದಗಳು ಬಾತುಕೊಂಡು ಕುಂಬಳಕಾಯಿಯಂತಾಗಿದ್ದವು. ಅವನು ಕೂತಿದ್ದ ಕಡೆಯೇ ನೆಲ ಒದ್ದೆಯಾಗಿತ್ತು. ಎದ್ದು ಹೋಗಲು ಅವನಿಗೆ ಆಗುತ್ತಿರಲಿಲ್ಲ, ಎತ್ತಿಕೊಂಡು ಹೋಗಲು ಯಾರಿಗೂ ಬೇಕಿರಲಿಲ್ಲ.

ಯೋಗನರಸಿಂಹ ರಂಗಯ್ಯನ ಕಡೆ ತಿರುಗಿ ನೋಡಿದ. ರಂಗಯ್ಯ ಗೋಡೆಯ ಕ್ಯಾಲೆಂಡರ್ ನೋಡಿದ.

"ದಾಸಯ್ಯ, ಅವತ್ತು ಎಲ್ಲಿದ್ದೆ?"

"ಹುಲಿಯೂರುದುರ್ಗದಾಗೆ ಬುದ್ಧಿ, ಮಗಳ ಮನೇಲಿ. ಧಣೀರು ಹೋಗ್ಬುಟ್ರು ಅಂತ ಸುದ್ದಿ ಕೇಳಿ ಮಣ್ಣಿಗೆ ಬತ್ತಾ ಇದ್ದೆ. ಕುಣಿಗಲ್ ಬಸ್‌ಸ್ಟ್ಯಾಂಡಾಗೆ ಹಿಡಕೊಂಡ್ರು." ಒಣಗಿದ ತುಟಿ ನೆಕ್ಕಿಕೊಂಡ. "ಮಣ್ಣು ಹಾಕಕ್ಕೂ ಬುಡ್ನಿಲ್ಲ."

"ನಿನಗೆ ಹೊಡೆದಿದ್ರಂತೆ?"

"ಒಂದೇಟು ಹಾಕಿದ್ರು. ಮಧ್ಯಾಹ್ನಕ್ಕೆ ಅವ್ರೇ ಕರೆದು, ಮಗಳ ಮನೆಗೋಗಿ ಬಾ ಅಂತ ಕಳ್ಸಿದ್ರು. ಅಷ್ಟಕ್ಕೆ ಕಾರು ಕೆಡಸ್ತೀನಾ ಬುದ್ಧಿ? ಆ ಕಾರ್ನ ನಾನು ಮಗೀನಂಗೆ ತೊಳ್ದಿವ್ನಿ."

"ನಿನ್ನ ಬಿಟ್ರೆ ಆ ಕಾರನ್ನ ಇನ್ಯಾರು ಓಡಿಸ್ತಾರೆ?"

ದಾಸಯ್ಯ ಬಾಯಿ ತೆರೆದ. ಮುಚ್ಚಿದ. ಬಾತ ಪಾದದ ಮೇಲೆ ಕೂತ ನೊಣವನ್ನು ಓಡಿಸಿದ.

"ನಂಗೊತ್ತಿಲ್ಲ ಬುದ್ಧಿ."

ಇಷ್ಟು ಏಟು ತಿಂದವನು ತನ್ನನ್ನು ಬಿಡಿಸಬಹುದಾದ ಒಂದು ಹೆಸರನ್ನು ನುಂಗಿಕೊಂಡ. ಯಾರಿಗಾಗಿ? ಯೋಗನರಸಿಂಹ ಮತ್ತೆ ಕೇಳಲಿಲ್ಲ.

"ಅವನಿಗೆ ನೀರು ಕೊಡಿಸಿ," ಎಂದ ಹೊರಗೆ ಬಂದು. "ಬಟ್ಟೆ ಕೊಡಿಸಿ. ಬಿಟ್ಟು ಕಳಿಸಿ."

"ನೀರು, ಬಟ್ಟೆ ಕೊಡಿಸ್ತೀನಿ ಸಾರ್. ಬಿಡೋದು..." ರಂಗಯ್ಯ ದನಿ ತಗ್ಗಿಸಿದ. "ಮಹಾಲಿಂಗಯ್ಯನೋರು ದೊಡ್ಡೋರು. ನೀವೊಂದ್ಸಲ ಅವರನ್ನ ಮಾತಾಡಿಸ್ಕೊಂಡ್ ಬನ್ನಿ. ಅವರ ಬಾಯಿಂದ ಒಂದ್ಮಾತು ಬಂದ್ರೆ ನಾನು ಈಗ್ಲೇ ಬುಟ್ಬುಡ್ತೀನಿ."

*

ಕೊಬ್ಬರಿ ಮಂಡಿಯ ಹಜಾರದಲ್ಲಿ ಮಹಾಲಿಂಗಯ್ಯ ಹಲಸಿನಹಣ್ಣು ಬಿಡಿಸುತ್ತಿದ್ದ. ಚಾಪೆಯ ಮೇಲೆ ಕೂತರೆ ಹೊಟ್ಟೆ ತೊಡೆಯ ಮೇಲೆ ಬೇರೆಯೇ ಒಂದು ಮೂಟೆಯ ಹಾಗೆ ಕೂರುತ್ತಿತ್ತು. ಹಣೆಯಲ್ಲಿ ಮೂರು ಬೆರಳ ವಿಭೂತಿ. ಪಕ್ಕದ ಬಟ್ಟಲಲ್ಲಿ, ಅಂಟು ತಾಗದಂತೆ ಬೆರಳಿಗೆ ಹಚ್ಚಿಕೊಳ್ಳಲು ಕೊಬ್ಬರಿ ಎಣ್ಣೆ. ಗೋದಾಮಿನಲ್ಲಿ ಎಲ್ಲೋ ಬೂಸಲು ಹಿಡಿದ ಕೊಬ್ಬರಿಯ ಮುಗ್ಗಲು ವಾಸನೆ, ಹಲಸಿನ ಸಿಹಿ ವಾಸನೆ ಎರಡೂ ಸೇರಿ ಮೂಗಿಗೆ ಬಟ್ಟೆ ಕಟ್ಟಿದಂತಿತ್ತು.

ಅಣ್ಣ ಮಣ್ಣಾಗಿ ವಾರ ಕಳೆದಿರಲಿಲ್ಲ.

"ಬನ್ನಿ ಸ್ವಾಮಿ, ಬನ್ನಿ. ತೊಳೆ ತಗೊಳ್ಳಿ. ನಮ್ಮ ತೋಟದ್ದು, ಜೇನು."

"ಬೇಡ."

"ಬ್ರಾಂಬ್ರು ನಮ್ಮನೇಲಿ ಹಣ್ಣೂ ಮುಟ್ಟಲ್ವೇನೋ!" ನಕ್ಕ. ತೊಳೆಯೊಂದನ್ನು ಬಾಯಿಗೆ ಹಾಕಿಕೊಂಡು, ಬೀಜವನ್ನು ಅಂಗೈಗೆ ಉಗುಳಿದ. "ನಮ್ಮ ಶಕುಂತಲ ನಿಮ್ಮನ್ನ ಯಾಕೆ ಕರೆಸಿದ್ಲೋ. ಅಪ್ಪನ್ನ ಕಳ್ಕೊಂಡ ಹುಡುಗಿ, ಸಂಕಟ. ಡ್ರೈವರ್ ಮೇಲೆ ಬೇರೆ ಕನಿಕರ."

ಚನ್ನವೀರಯ್ಯನವರ ಒಬ್ಬಳೇ ಮಗಳು ಶಕುಂತಲ. ಗಂಡನ ಮನೆ ಬಿಟ್ಟು ಬಂದು ಅಪ್ಪನ ಜೊತೆ ಮಂಡಿ ನೋಡಿಕೊಳ್ಳುತ್ತಿದ್ದವಳು. ಬಟವಾಡಿಯ ಮನೆಗೆ ಬಂದು, 'ದಾಸಯ್ಯ ಅಂಥೋನಲ್ಲ, ಅವನನ್ನ ಉಳಿಸಿ' ಎಂದು ಯೋಗನರಸಿಂಹನ ಮುಂದೆ ಕಣ್ಣೀರಿಟ್ಟವಳು. ಅಪ್ಪನಿಗೆ ನೋವು ಬಂದಾಗ ತಾನು ಮನೆಯಲ್ಲೇ ಉಳಿದೆ ಎಂದಿದ್ದಳು.

"ಕಾರು ನೀವೇ ಓಡಿಸಿದ್ರಿ ಅಲ್ವೆ?"

"ಮತ್ತಿನ್ಯಾರು?"

"ಬನ್ನಿ. ಗೇಟಿನ ಒಳಗೇ ತಂದು ನಿಲ್ಲಿಸಿದೀನಿ. ಒಂದು ಸಲ ಕೂತು ತೋರಿಸಿ."

"ಎಂಥದ್ದು?"

"ಡ್ರೈವರ್ ಸೀಟಲ್ಲಿ ಕೂತು ತೋರಿಸಿ. ಅಷ್ಟೇ."

ಮಹಾಲಿಂಗಯ್ಯ ಕೈ ಒರೆಸಿಕೊಂಡು ಎದ್ದ. ಹೆದರಿದವನ ಹಾಗೆ ಕಾಣಬಾರದೆಂದು ಎದ್ದನೆಂಬುದು ಅವನ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಯೋಗನರಸಿಂಹ ಸೀಟನ್ನು ಸೀಮೆಸುಣ್ಣದ ಗೆರೆಗೆ ಸರಿಯಾಗಿ ಮುಂದಕ್ಕೆ ಎಳೆದಿಟ್ಟಿದ್ದ.

ಮಹಾಲಿಂಗಯ್ಯ ಒಂದು ಕಾಲು ಒಳಗಿಟ್ಟ. ಬಗ್ಗಿದ. ಹೊಟ್ಟೆ ಸ್ಟಿಯರಿಂಗಿಗೆ ಸಿಕ್ಕಿಕೊಂಡಿತು. ಉಸಿರು ಒಳಗೆಳೆದುಕೊಂಡು ನುಗ್ಗಿದ, ಹಾರ್ನ್ ಕಿರುಚಿತು. ಅಲ್ಲಿಂದ ಒಳಗೂ ಹೋಗಲಾರ, ಹೊರಗೂ ಬರಲಾರ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯಿತು.

ಯೋಗನರಸಿಂಹ ಕೈ ನೀಡಲಿಲ್ಲ. ಅವನನ್ನು ಮುಟ್ಟಲು ಮನಸ್ಸಾಗಲಿಲ್ಲ.

"ಅವತ್ತಿಂದ ಈ ಸೀಟನ್ನ ಯಾರೂ ಸರಿಸಿರಲಿಲ್ಲ," ಎಂದ. "ಕೊನೇಲಿ ಈ ಕಾರು ಓಡಿಸಿದೋರು ನಿಮ್ಮ ಅರ್ಧ ಇದಾರೆ. ಇನ್ನೊಂದು ಮಾತು. ಅವತ್ತು ಕಾರು ಕೆಟ್ಟೇ ಇರಲಿಲ್ಲ. ತಂತಿ ಕೊಯ್ದಿದ್ದು ಆಮೇಲೆ, ನಿಮ್ಮ ಶೆಡ್ಡಲ್ಲಿ. ಶೆಡ್ಡಿನ ಬೀಗದಕೈ ಯಾರ ಹತ್ರ ಇರುತ್ತೆ?"

ಮಹಾಲಿಂಗಯ್ಯ ಹೇಗೋ ಹೊರಗೆ ಬಂದ. ಪಂಚೆ ಸರಿಮಾಡಿಕೊಂಡ. ಹಜಾರಕ್ಕೆ ವಾಪಸು ಹೋಗಿ ಅದೇ ಚಾಪೆಯ ಮೇಲೆ, ಅದೇ ಹಣ್ಣಿನ ಮುಂದೆ ಕೂತ. ಬಟ್ಟಲಲ್ಲಿ ಬೆರಳದ್ದಿದ.

"ನನ್ನ ಹತ್ರ," ಎಂದ.

"ಕೊಯ್ದಿದ್ದು ನೀವು."

"ನಾನೇ ಕಣ್ರೀ. ಮುಖಕ್ಕೆ ಕೆರೆಯೋ ಬ್ಲೇಡು." ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. "ಬಸ್ಸಲ್ಲಿ ಹೋಗೋರೆಲ್ಲ ನೋಡಿಬಿಟ್ಟಿದ್ರು. ಮರದಡಿ ಯಾಕೆ ನಿಂತಿದ್ರಿ ಅಂತ ಮಣ್ಣಿಗೆ ಬಂದೋರೆಲ್ಲ ಕೇಳಿದ್ರು. ಕಾರು ಕೆಡ್ತು ಅಂದುಬಿಟ್ಟೆ. ಅಂದಮೇಲೆ ಕೆಟ್ಟಿರಬೇಕಲ್ಲ? ಕೆಟ್ಟಮೇಲೆ ಕೆಡಿಸಿದೋನೊಬ್ಬ ಬೇಕಲ್ಲ?"

"ಅದಕ್ಕೆ ದಾಸಯ್ಯ."

"ಡ್ರೈವರ್ ಜನ ಸ್ವಾಮಿ. ಇವತ್ತು ಇವನು, ನಾಳೆ ಇನ್ನೊಬ್ಬ. ಏನೋ ಒಂದೆರಡು ವರ್ಷ ಒಳಗಿದ್ದು ಬರ್ತಾನೆ. ಅವನ ಹೆಂಡ್ತಿ ಮಕ್ಕಳಿಗೆ ನಾನು ಅಕ್ಕಿ ಹಾಕಿಸ್ತೀನಿ. ಮನೆ ಮರ್ಯಾದೆ ಅನ್ನೋದು ಹಾಗಲ್ಲ, ಒಂದ್ಸಲ ಹೋದ್ರೆ ಹೋಯ್ತು."

ಯೋಗನರಸಿಂಹ ಅವನ ಬಾಯನ್ನೇ ನೋಡುತ್ತಿದ್ದ. ಆ ಬಾಯಿ ಮಾತಾಡುತ್ತಲೇ ಅಗಿಯುತ್ತಿತ್ತು. ಎಷ್ಟೋ ಅಪಘಾತಗಳಲ್ಲಿ ಅವನು ರಸ್ತೆಯ ಮೇಲೆ ಬಿದ್ದ ರಕ್ತಮಾಂಸ ನೋಡಿದ್ದ. ಇಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

"ನಿಮ್ಮ ಅಣ್ಣ ಕಣ್ರೀ ಅವರು."

"ಗೊತ್ತು. ಅವನ ತಲೆ ನನ್ನ ತೊಡೆ ಮೇಲಿತ್ತು."

"ಹಾಗಾದ್ರೆ ಓಡಿಸಿದ್ದು ಯಾರು?"

ಮಹಾಲಿಂಗಯ್ಯ ಮೊದಲ ಬಾರಿಗೆ ನಿಜವಾಗಿ ನಕ್ಕ. ನಾಲಿಗೆಯ ಮೇಲೆ ಹಳದಿ ನಾರು.

"ನಿಮ್ಮನ್ನ ಕರೆಸಿದೋಳನ್ನೇ ಕೇಳಿ. ಶಕುಂತಲಾ! ಬಾರಮ್ಮ ಆಚೆಗೆ. ಕದದ ಹಿಂದೆ ನಿಂತು ಎಷ್ಟೊತ್ತು ಕೇಳಿಸ್ಕೋತೀಯ?"

ಒಳಬಾಗಿಲ ಪರದೆ ಸರಿಯಿತು. ಶಕುಂತಲ ಹೊರಗೆ ಬಂದು ಕಂಬ ಹಿಡಿದು ನಿಂತಳು. ಗಿಡ್ಡ ಆಳು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ಹೌದು ಸಾರ್," ಎಂದಳು. "ಕಾರು ಓಡಿಸಿದ್ದು ನಾನು."

ಯೋಗನರಸಿಂಹ ಅವಳತ್ತ ತಿರುಗಿದ. ತಾನು ಯಾರ ಮಾತು ನಂಬಿ ಬಂದೆನೋ ಅವಳ ಮಾತಿನೊಳಗೂ ಇದೇ ಕೊಳೆಯಿತ್ತು.

"ನಮ್ಮ ಹುಲಿಯೂರುದುರ್ಗದ ತೋಟದಲ್ಲಿ ದಾಸಯ್ಯನೇ ಕಲಿಸಿದ್ದ. ಊರಲ್ಲಿ ಯಾರಿಗೂ ಗೊತ್ತಿಲ್ಲ. ಅಪ್ಪಾಜಿಗೊಬ್ರಿಗೆ ಗೊತ್ತಿತ್ತು. ಅವತ್ತು ದಾಸಯ್ಯ ಇರಲಿಲ್ಲ. ಚಿಕ್ಕಪ್ಪಂಗೆ ಓಡಿಸೋಕೆ ಬರಲ್ಲ. ಮಂಡಿ ಹಿಂದಿನ ರಸ್ತೇಲಿ ನಾನೇ ತೆಗೆದೆ."

"ನಿಲ್ಲಿಸಿದ್ದು?"

"ನಾನೇ."

"ಕೇಳಿದ್ರಾ?" ಎಂದ ಮಹಾಲಿಂಗಯ್ಯ. "ನಾನು ಇವಳನ್ನ ಉಳಿಸೋಕೆ ಸುಳ್ಳು ಹೇಳ್ದೆ. ಈಗ ಹೋಗಿ ಬರ್ಕೊಳ್ಳಿ. ಅಪ್ಪ ಸಾಯೋ ಹೊತ್ತಲ್ಲಿ ಮಗಳು ಕಾರು ನಿಲ್ಲಿಸಿದ್ಲು ಅಂತ."

"ನೀವು ನಿಲ್ಲಿಸು ಅಂದ್ರಿ ಚಿಕ್ಕಪ್ಪ!" ಅವಳ ದನಿ ಒಡೆಯಿತು. "ಸಾರ್, ಮಲ್ಲಸಂದ್ರ ದಾಟೋವಾಗ ಅಪ್ಪಾಜಿ ಚೆನ್ನಾಗಿದ್ರು. ನೋವು ಕಮ್ಮಿ ಆಗಿತ್ತು. ಎದ್ದು ಕೂತ್ಕೊಂಡ್ರು. ಗೇರು ಕರಕರ ಅನ್ನಿಸ್ಬೇಡ ಕಣೇ, ಕ್ಲಚ್ಚು ಪೂರ್ತಿ ಒತ್ತು ಅಂತ ನನ್ನ ಬೈದ್ರು. ಅವರು ಬೈದ್ರಲ್ಲ ಅಂತ ನಂಗೆ ಎಷ್ಟು ಖುಷಿಯಾಯ್ತು ಗೊತ್ತಾ ಸಾರ್..."

ಸೆರಗಿನಿಂದ ಮುಖ ಒತ್ತಿಕೊಂಡಳು.

"ಹುಣಸೆಮರ ಬಂತು. ಇಲ್ಲೇ ನಿಲ್ಸು, ಡಾಕ್ಟ್ರಿಗೆ ಫೋನ್ ಮಾಡಿದೀನಿ, ಎದುರಿಗೆ ಬರ್ತಿದಾರೆ ಅಂದ್ರು ಚಿಕ್ಕಪ್ಪ. ನಿಲ್ಲಿಸ್ದೆ. ಕಾದ್ವಿ. ತಡ ಆಯ್ತು, ಹೋಗೋಣ ಅಂತ ಎಷ್ಟು ಸಲ ಅಂದೆ. ಕೊನೆಗೆ ಡಾಕ್ಟ್ರ ಕಾರು ಬಂತು. ಅಪ್ಪಾಜಿ ನೀರು ಕೇಳಿದ್ರು. ಪಂಪ್‌ಸೆಟ್ಟಿಂದ ತಗೊಂಡು ಬಾ ಅಂತ ಚಿಕ್ಕಪ್ಪ ನನ್ನ ಕಳಿಸಿದ್ರು. ತರೋ ಹೊತ್ತಿಗೆ ಡಾಕ್ಟ್ರು ಅಪ್ಪಾಜಿ ತೋಳಿಂದ ಸೂಜಿ ತೆಗೀತಾ ಇದ್ರು. ನಾನು ಬಾಯಿಗೆ ನೀರು ಹಾಕ್ದೆ ಸಾರ್. ಒಳಗೆ ಹೋಗ್ಲಿಲ್ಲ. ಪ... ಪಕ್ಕಕ್ಕೆ ಇಳಿದು ಬಂತು."

ಮಹಾಲಿಂಗಯ್ಯ ಹಣ್ಣಿಗೆ ಮುತ್ತಿದ ನೊಣಗಳನ್ನು ಕೈಯಿಂದ ಓಡಿಸಿದ.

"ಡಾಕ್ಟ್ರು ಕೊಟ್ಟಿದ್ದು ಔಷಧಿ," ಎಂದ ಮಹಾಲಿಂಗಯ್ಯ, ಇನ್ನೊಂದು ತೊಳೆ ಬಿಡಿಸುತ್ತ.

"ಮೊದ್ಲೇ ಯಾಕೆ ಹೇಳಲಿಲ್ಲ?" ಯೋಗನರಸಿಂಹ ಶಕುಂತಲಳನ್ನು ಕೇಳಿದ. ದನಿ ತಾನಂದುಕೊಂಡದ್ದಕ್ಕಿಂತ ಒರಟಾಗಿ ಬಂತು.

"ಬಾಯಿ ಬಿಟ್ರೆ ಕೊಲೆಗಾರ್ತಿ ನೀನೇ ಆಗ್ತೀಯ, ಸ್ಟಿಯರಿಂಗ್ ನಿನ್ನ ಕೈಲಿತ್ತು ಅಂದ್ರು ಚಿಕ್ಕಪ್ಪ. ಹೆದರಿಕೊಂಡೆ. ದಾಸಯ್ಯನ್ನ ಹೊಡೀತಾರೆ ಅಂತ ಗೊತ್ತಾದಾಗ ತಡೀಲಿಕ್ಕಾಗಲಿಲ್ಲ. ನೀವು ಅವನನ್ನ ಬಿಡಿಸ್ತೀರ, ನನ್ನ ತನಕ ಬರಲ್ಲ ಅಂದ್ಕೊಂಡೆ."

"ಆ ಡಾಕ್ಟ್ರು ಯಾರು?"

"ಶ್ರೀಕಂಠಯ್ಯನೋರು. ತುಮಕೂರಲ್ಲಿ ನರ್ಸಿಂಗ್ ಹೋಮ್ ಇದೆ. ನಾವು ಅಲ್ಲಿಗೆ ಹೋದಮೇಲೆ, ದಾರೀಲೇ ಪ್ರಾಣ ಹೋಗಿದೆ ಅಂತ ಬರೆದುಕೊಟ್ಟೋರೂ ಅವರೇ."

ಆಗಲೇ ಗಲ್ಲಾದ ಪಕ್ಕದ ಕರೀ ಫೋನು ಬಡಿದುಕೊಂಡಿತು. ಮಹಾಲಿಂಗಯ್ಯ ಏಳುವ ಮೊದಲೇ ಯೋಗನರಸಿಂಹ ಅದನ್ನು ಎತ್ತಿಕೊಂಡ.

"ಸಾರ್, ನಾನು ರಂಗಯ್ಯ." ತಂತಿಯ ಗರಗರದ ನಡುವೆಯೂ ಸಬ್ ಇನ್ಸ್‌ಪೆಕ್ಟರನ ದನಿ ಹಗುರವಾಗಿತ್ತು, ಪುಣ್ಯದ ಕೆಲಸ ಮಾಡಿದವನ ಹಾಗೆ. "ನೀವು ಬೇಜಾರ್ ಮಾಡ್ಕೊಂಡ್ರಲ್ಲ, ಮನಸ್ಸು ತಡೀಲಿಲ್ಲ. ದಾಸಯ್ಯಂಗೆ ಬಟ್ಟೆ ಬದಲಾಯಿಸ್ದೋ. ಮೈ ಸುಡ್ತಾ ಐತೆ ಸಾರ್, ಜ್ವರ. ದೇವ್ರು ಕಳಿಸ್ದಂಗೆ ತುಮಕೂರು ಡಾಕ್ಟ್ರು ಇಲ್ಲೇ ಗುಬ್ಬಿಗೆ ಬಂದಿದ್ರು. ತಾವಾಗೇ ಸ್ಟೇಷನ್ನಿಗೆ ಬಂದು ನೋಡ್ತೀನಿ ಅಂದ್ರು. ಶ್ರೀಕಂಠಯ್ಯನೋರು. ದುಡ್ಡೂ ಬೇಡ ಅಂದ್ರು ಸಾರ್, ಎಂಥಾ ಮನುಷ್ಯ! ಸ್ಟವ್ ಮೇಲೆ ಸೂಜಿ ಕುದಿಯಾಕಿಟ್ಟವ್ರೆ..."

ದಾಸಯ್ಯ ಲಾಕಪ್ಪಿನಲ್ಲೇ ಸತ್ತರೆ ಕೇಸೂ ಅವನ ಜೊತೆ ಮಣ್ಣಾಗುತ್ತಿತ್ತು. "ರಂಗಯ್ಯ! ಅವನನ್ನ ಮುಟ್ಟೋಕೆ ಬಿಡಬೇಡಿ! ಕೇಳಿಸ್ತಾ? ಆ ಸೂಜಿ..."

ಕಿವಿಯಲ್ಲಿ ಗರಗರವೂ ಇರಲಿಲ್ಲ.

ಯೋಗನರಸಿಂಹ ತಲೆ ತಗ್ಗಿಸಿ ನೋಡಿದ. ಫೋನಿನ ಗುಂಡಿಯ ಮೇಲೆ ಮಹಾಲಿಂಗಯ್ಯನ ದಪ್ಪ ಬೆರಳು ಊರಿಕೊಂಡು ಕೂತಿತ್ತು. ಬೆರಳಿನಿಂದ ಎಣ್ಣೆ ಇಳಿದು ಕರೀ ಫೋನಿನ ಮೇಲೆ ಮೆಲ್ಲಗೆ ಹರಿಯುತ್ತಿತ್ತು.